ಒಂದು ಊರಿನ ಸೋಮವಾರದ ಕುಸ್ತಿ: ಹಳೆಯ ‘ಟೆರಿಟರಿ’ ಪಂದ್ಯಗಳನ್ನು ನೋಡುವುದು, ಅಳೆಯುವುದು ಹೇಗೆ?

2025ರ ಜುಲೈ 24ರಂದು ಅಮೆರಿಕದ ಕುಸ್ತಿಪಟು ಹಲ್ಕ್ ಹೋಗನ್ ತೀರಿಕೊಂಡರು. ಅಂದು ನಮ್ಮ ಕಡೆಯ ಎಷ್ಟೋ ಮಂದಿಗೆ ಶಾಲೆಯ ದಿನಗಳು ನೆನಪಾದವು. ಟ್ರಂಪ್ ಕಾರ್ಡ್ ಆಡಿದ್ದು, ಕೇಬಲ್ ಟಿವಿ ಇದ್ದ ಪಕ್ಕದ ಮನೆಯಲ್ಲಿ ಕೂತು ಕುಸ್ತಿ ನೋಡಿದ್ದು, ‘ಅದು ನಿಜಾನಾ, ಸುಳ್ಳಾ’ ಅಂತ ಜಗಳವಾಡಿದ್ದು. ಹೋಗನ್ ಬಗ್ಗೆ ಬಂದ ಬರಹಗಳಲ್ಲೆಲ್ಲ ಒಂದು ಮಾತು ಇದ್ದೇ ಇತ್ತು: ಅಮೆರಿಕದ ವೃತ್ತಿಪರ ಕುಸ್ತಿಯನ್ನು ಅವರು ಬದಲಾಯಿಸಿಬಿಟ್ಟರು ಅಂತ.

ಏನಿತ್ತು, ಏನು ಬದಲಾಯಿತು? ಅದಕ್ಕೆ ಉತ್ತರ ಹುಡುಕಿ ಹೋದವರಿಗೆ ಈಗ ಫೋನಿನಲ್ಲೇ ಹಳೆಯ ಪಂದ್ಯಗಳು ಸಿಗುತ್ತವೆ. ಮಸುಕಾದ ಚಿತ್ರ, ಹೊಗೆ ತುಂಬಿದ ಹಾಲ್, ಕೂಗಾಡುವ ಜನ. ಹತ್ತು ನಿಮಿಷ ನೋಡುತ್ತೀರಿ. ಒಬ್ಬ ಇನ್ನೊಬ್ಬನ ಕೈ ಹಿಡಿದು ತಿರುಚುತ್ತಲೇ ಇರುತ್ತಾನೆ. ಕೊನೆಗೆ ಯಾರೂ ಸರಿಯಾಗಿ ಗೆಲ್ಲುವುದೂ ಇಲ್ಲ. ‘ಇದನ್ನೇ ಎಲ್ಲರೂ ಅಷ್ಟು ಹೊಗಳೋದು?’ ಅನ್ನಿಸುತ್ತದೆ.

ಹಾಗೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ಧಾರಾವಾಹಿಯೊಂದರ ಇನ್ನೂರನೇ ಕಂತನ್ನು ಮಾತ್ರ ನೋಡಿದರೆ ಏನು ಅರ್ಥವಾಗುತ್ತದೆ ಹೇಳಿ? ಆ ಪಂದ್ಯಗಳು ಹಾಗೇ ಇದ್ದವು. ಒಂದು ಊರಿನ ಜನರಿಗಾಗಿ, ಒಂದು ಕಥೆಯ ನಡುವೆ, ಒಂದು ರಾತ್ರಿಯ ಮಟ್ಟಿಗೆ ಆಡಿದವು. ಆ ಊರು, ಆ ಕಥೆ, ಆ ರಾತ್ರಿ ಗೊತ್ತಾದರೆ ಪಂದ್ಯ ಬೇರೆಯೇ ಆಗಿ ಕಾಣುತ್ತದೆ.

ಟೆರಿಟರಿ ಅಂದರೆ ಏನು?

ನಮ್ಮ ಸಿನಿಮಾ ಹಂಚಿಕೆಯಿಂದ ಶುರು ಮಾಡೋಣ. ಕನ್ನಡ ಸಿನಿಮಾದವರು ‘ಬಿಕೆಟಿ ಏರಿಯಾ’ ಅನ್ನುವುದನ್ನು ಕೇಳಿರುತ್ತೀರಿ. ಬೆಂಗಳೂರು, ಕೋಲಾರ, ತುಮಕೂರು ಸೇರಿ ಒಂದು ಏರಿಯಾ. ಮೈಸೂರು, ಮಂಡ್ಯದ ಕಡೆಯದು ಇನ್ನೊಂದು. ಒಂದು ಏರಿಯಾದ ಹಕ್ಕು ಪಡೆದ ಹಂಚಿಕೆದಾರ ಇನ್ನೊಬ್ಬನ ಏರಿಯಾಕ್ಕೆ ಕೈ ಹಾಕುವುದಿಲ್ಲ.

ಅಮೆರಿಕದ ಕುಸ್ತಿಯೂ ದಶಕಗಳ ಕಾಲ ಹೀಗೇ ನಡೆಯಿತು. ಇಡೀ ದೇಶ, ಜೊತೆಗೆ ಕೆನಡಾದ ಕೆಲವು ಭಾಗಗಳು, ಎರಡು ಡಜನ್‌ಗೂ ಹೆಚ್ಚು ಸೀಮೆಗಳಾಗಿ ಹಂಚಿಹೋಗಿದ್ದವು. ಒಂದೊಂದು ಸೀಮೆಗೂ ಒಬ್ಬ ಪ್ರಮೋಟರ್. ಹಾಲ್ ಬಾಡಿಗೆಗೆ ಹಿಡಿಯುವುದು, ಟಿಕೆಟ್ ಮಾರುವುದು, ಕುಸ್ತಿಪಟುಗಳನ್ನು ಕರೆಸುವುದು, ಊರಿನ ಟಿವಿ ಸ್ಟೇಷನ್ನಿನಲ್ಲಿ ಜಾಗ ಪಡೆಯುವುದು ಎಲ್ಲವೂ ಅವನ ಕೆಲಸ. ಆ ಸೀಮೆಗೇ ಟೆರಿಟರಿ ಅನ್ನುತ್ತಿದ್ದರು.

ಈ ಪ್ರಮೋಟರ್‌ಗಳನ್ನು ಒಂದು ಕಟ್ಟಿಗೆ ತಂದದ್ದು ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್, ಅಂದರೆ ಎನ್‌ಡಬ್ಲ್ಯೂಎ. 1948ರ ಜುಲೈನಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ ಕೆಲವೇ ಪ್ರಮೋಟರ್‌ಗಳು ಕೂತು ಇದನ್ನು ಶುರು ಮಾಡಿದರು. ಒಪ್ಪಂದ ಸರಳವಾಗಿತ್ತು. ನಿನ್ನ ಸೀಮೆಗೆ ನಾನು ಬರುವುದಿಲ್ಲ, ನನ್ನ ಸೀಮೆಗೆ ನೀನು ಬರಬೇಡ. ಆಟಗಾರರನ್ನು ಕೊಟ್ಟು ತೆಗೆದುಕೊಳ್ಳೋಣ. ಎಲ್ಲರೂ ಸೇರಿ ಒಬ್ಬನನ್ನೇ ವಿಶ್ವ ಚಾಂಪಿಯನ್ ಅಂತ ಒಪ್ಪೋಣ.

ಹೊರಗಿನಿಂದ ಯಾರಾದರೂ ಬಂದು ಪೈಪೋಟಿಗೆ ನಿಂತರೆ ಎಲ್ಲರೂ ಒಟ್ಟಾಗಿ ಅವನನ್ನು ಹಿಂಡುತ್ತಿದ್ದರು. ಇದು ಪೈಪೋಟಿಗೆ ಅಡ್ಡಿ ಅಂತ ಅಮೆರಿಕ ಸರ್ಕಾರದ ನ್ಯಾಯ ಇಲಾಖೆ ತನಿಖೆಗೆ ಇಳಿಯಿತು. 1956ರಲ್ಲಿ ಎನ್‌ಡಬ್ಲ್ಯೂಎ ‘ಇನ್ನು ಹಾಗೆ ಮಾಡುವುದಿಲ್ಲ’ ಎಂದು ಬರೆದುಕೊಟ್ಟಿತು. ಆದರೂ ಸೀಮೆಗಳ ಗಡಿಗಳು 1980ರ ದಶಕದವರೆಗೂ ಹೆಚ್ಚು ಕಡಿಮೆ ಹಾಗೇ ಉಳಿದವು.

ಯಾರು ಗೆಲ್ಲುತ್ತಾರೆ ಅಂತ ಮೊದಲೇ ನಿರ್ಧಾರವಾಗಿದ್ದರೆ ನೋಡುವುದೇನು?

ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ಲ, ಯಾವ ಪೈಲ್ವಾನನಿಗೆ ಯಾರು ಜೋಡಿ ಅಂತ ಅಲ್ಲಿ ತೀರ್ಮಾನ. ಗೆಲುವು ಮಾತ್ರ ಮಟ್ಟಿಯ ಮೇಲೇ ಆಗಬೇಕು. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಜೋಡಿ ಕಟ್ಟುವವನೇ ಗೆಲುವನ್ನೂ ತೀರ್ಮಾನಿಸುತ್ತಾನೆ. ಅವನಿಗೆ ಬುಕರ್ ಅನ್ನುತ್ತಾರೆ. ಯಾರು ಯಾರ ಮೇಲೆ, ಯಾಕೆ ದ್ವೇಷ, ಎಷ್ಟು ವಾರ ಎಳೆಯಬೇಕು, ಹೇಗೆ ಮುಗಿಸಬೇಕು, ಇದೆಲ್ಲ ಅವನ ತಲೆಯಲ್ಲಿ ಇರುತ್ತದೆ.

ಹಾಗಾದರೆ ಇದನ್ನು ಗರಡಿಮನೆಯ ಕುಸ್ತಿಗೆ ಹೋಲಿಸುವುದಕ್ಕಿಂತ ಯಕ್ಷಗಾನಕ್ಕೆ ಹೋಲಿಸುವುದು ಸರಿ. ‘ಕೀಚಕ ವಧೆ’ಯಲ್ಲಿ ಕೀಚಕ ಸಾಯುತ್ತಾನೆ ಅಂತ ಸಣ್ಣ ಮಗುವಿಗೂ ಗೊತ್ತು. ಆದರೂ ಜನ ಕೂರುತ್ತಾರೆ. ಯಾಕೆಂದರೆ ಪ್ರಸಂಗ ಮಾತ್ರ ಮೊದಲೇ ಇರುತ್ತದೆ. ಮಾತು ಆಗಿಂದಾಗಲೇ ಹುಟ್ಟುತ್ತದೆ. ಎದುರು ವೇಷದವರು ಏನು ಹೇಳಿದರು, ಸಭೆ ಹೇಗೆ ಸ್ಪಂದಿಸಿತು ಅನ್ನುವುದನ್ನು ನೋಡಿ ಕಲಾವಿದ ಅರ್ಥ ಬೆಳೆಸುತ್ತಾನೆ. ಟೆರಿಟರಿ ಕಾಲದ ಕುಸ್ತಿಯೂ ಹಾಗೇ. ಫಿನಿಶ್, ಅಂದರೆ ಕೊನೆ, ಗೊತ್ತಿರುತ್ತಿತ್ತು. ನಡುವಿನದನ್ನು ಇಬ್ಬರೂ ಕಣದಲ್ಲೇ, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತಾ, ಜನರ ಕೂಗು ಕೇಳಿಕೊಂಡು ಕಟ್ಟುತ್ತಿದ್ದರು. ಕೈ ಹಿಡಿದು ತಿರುಚುತ್ತಾ ನಿಂತಂತೆ ಕಾಣುವ ಹೊತ್ತಿನಲ್ಲಿ ಎಷ್ಟೋ ಸಲ ಮುಂದಿನ ಮಾತುಕತೆ ನಡೆದಿರುತ್ತದೆ.

ನೋಡುವಾಗ ಬೇಕಾಗುವ ಇನ್ನು ಕೆಲವು ಮಾತುಗಳು. ಜನ ಮೆಚ್ಚುವ ಒಳ್ಳೆಯವನು ಬೇಬಿಫೇಸ್. ಜನ ಬೈಯಬೇಕಾದ ಕೆಟ್ಟವನು ಹೀಲ್. ಹೀಲ್ ಎಬ್ಬಿಸುವ ಸಿಟ್ಟಿಗೆ ಹೀಟ್ ಅನ್ನುತ್ತಾರೆ. ಎದುರಾಳಿಯ ಏಟು ನಿಜಕ್ಕೂ ನೋಯಿಸಿತು ಅಂತ ಮುಖದಲ್ಲಿ, ನಡಿಗೆಯಲ್ಲಿ ತೋರಿಸುವುದು ಸೆಲ್ಲಿಂಗ್. ಇದು ಚಿಲ್ಲರೆ ಕೆಲಸವಲ್ಲ. ಮೊದಲ ಹತ್ತು ನಿಮಿಷದಲ್ಲಿ ಕಾಲಿಗೆ ಏಟು ಬಿದ್ದವನು ಕೊನೆಯಲ್ಲೂ ಕುಂಟಬೇಕು. ಕುಂಟಿದರೆ ಕಥೆ ಗಟ್ಟಿಯಾಗಿ ನಿಲ್ಲುತ್ತದೆ, ಮರೆತು ಓಡಿದರೆ ಬಿದ್ದುಹೋಗುತ್ತದೆ. ಹಳೆಯ ಪಂದ್ಯ ನೋಡುವವರು ಮೊದಲು ಗಮನಿಸುವುದೇ ಇದನ್ನು. ಇನ್ನು ರಕ್ತ. ಅದು ಬಣ್ಣವಲ್ಲ. ಹಣೆಯ ಮೇಲೆ ಪುಟ್ಟ ಬ್ಲೇಡಿನಿಂದ ತಾವೇ ಗೀರಿಕೊಳ್ಳುತ್ತಿದ್ದರು.

ಈ ಗುಟ್ಟನ್ನೆಲ್ಲ ಹೊರಗೆ ಬಿಡಬಾರದು ಅನ್ನುವ ಕಟ್ಟುಪಾಡಿಗೆ ಕೇಫೇಬ್ ಅಂತ ಹೆಸರು. ಬೇಬಿಫೇಸ್ ಮತ್ತು ಹೀಲ್ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಎಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಟೆನೆಸ್ಸೀ ರಾಜ್ಯದ ಮೆಂಫಿಸ್ ಊರಿನ ಒಂದು ಘಟನೆ ಸಾಕು. 1982ರ ಏಪ್ರಿಲ್ 5ರಂದು ಅಲ್ಲಿನ ಮಿಡ್‌-ಸೌತ್ ಕೊಲಿಸಿಯಮ್‌ನಲ್ಲಿ ಊರಿನ ಹೀರೋ ಜೆರ್ರಿ ಲಾಲರ್ ಮತ್ತು ಹಾಸ್ಯನಟ ಆಂಡಿ ಕಾಫ್‌ಮನ್ ಎದುರಾದರು. ಲಾಲರ್ ‘ಪೈಲ್‌ಡ್ರೈವರ್’ ಪಟ್ಟು ಹಾಕಿ ಅವರನ್ನು ತಲೆಕೆಳಗಾಗಿ ನೆಲಕ್ಕೆ ಕುಕ್ಕಿದರು. ಆ ಪಟ್ಟಿಗೆ ಅಲ್ಲಿ ನಿಷೇಧವಿತ್ತು. ಹಾಗಾಗಿ ಕಾಗದದ ಮೇಲೆ ಗೆದ್ದದ್ದು ಕಾಫ್‌ಮನ್! ಅವರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಜುಲೈನಲ್ಲಿ ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ಲಾಲರ್ ಕಾಫ್‌ಮನ್ ಕೆನ್ನೆಗೆ ಬಾರಿಸಿದರು. ಇಡೀ ದೇಶ ನಂಬಿತು. 1984ರಲ್ಲಿ ಕಾಫ್‌ಮನ್ ತೀರಿಕೊಂಡರು. ಇಬ್ಬರೂ ಸೇರಿ ಕಟ್ಟಿದ ಆಟ ಅದು ಅನ್ನುವುದು ಹೊರಬಿದ್ದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಟಿವಿಯಲ್ಲಿ ಬಂದದ್ದು ಜಾಹೀರಾತು, ನಿಜವಾದ ಆಟ ಹಾಲ್‌ನಲ್ಲಿ

ಈಗ ಕುಸ್ತಿ ಕಂಪನಿಗೆ ದೊಡ್ಡ ದುಡ್ಡು ಬರುವುದು ಟಿವಿಯಿಂದ. ಆಗ ಉಲ್ಟಾ. ದುಡ್ಡು ಬರುತ್ತಿದ್ದದ್ದು ಗೇಟಿನಲ್ಲಿ, ಟಿಕೆಟ್‌ನಿಂದ. ಆಟಗಾರರ ಕೂಲಿಯೂ ಗೇಟ್ ಕಲೆಕ್ಷನ್ ಮೇಲೇ ನಿಂತಿತ್ತು. ಹಾಲ್ ತುಂಬಿದರೆ ಜೇಬು ತುಂಬಿತು, ಇಲ್ಲದಿದ್ದರೆ ಪೆಟ್ರೋಲ್ ಖರ್ಚೂ ಹುಟ್ಟುತ್ತಿರಲಿಲ್ಲ.

ಮೆಂಫಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿ ಶನಿವಾರ ಬೆಳಿಗ್ಗೆ ಊರಿನ ಐದನೇ ಚಾನೆಲ್‌ನಲ್ಲಿ ಒಂದೂವರೆ ಗಂಟೆಯ ನೇರ ಪ್ರಸಾರ. ನಿರೂಪಕರು ಲ್ಯಾನ್ಸ್ ರಸೆಲ್ ಮತ್ತು ಡೇವ್ ಬ್ರೌನ್. ಅಲ್ಲಿ ದೊಡ್ಡ ಆಟಗಾರರು ಹೆಸರಿಲ್ಲದವರನ್ನು ಎರಡು ಮೂರು ನಿಮಿಷದಲ್ಲಿ ಚಿತ್ ಮಾಡುತ್ತಿದ್ದರು. ಆಮೇಲೆ ಮೈಕ್ ಹಿಡಿದು ಸವಾಲು ಹಾಕುತ್ತಿದ್ದರು. ಯಾರೋ ಹಿಂದಿನಿಂದ ಬಂದು ಹೊಡೆಯುತ್ತಿದ್ದರು. ‘ಇದರ ಲೆಕ್ಕ ಸೋಮವಾರ ರಾತ್ರಿ ಚುಕ್ತಾ ಆಗುತ್ತದೆ’ ಅನ್ನುವಲ್ಲಿಗೆ ಕಾರ್ಯಕ್ರಮ ಮುಗಿಯುತ್ತಿತ್ತು. ಸೋಮವಾರ ಜನ ಕೊಲಿಸಿಯಮ್‌ಗೆ ಬರುತ್ತಿದ್ದರು. ಮತ್ತೆ ಶನಿವಾರ, ಮತ್ತೆ ಸೋಮವಾರ. ವರ್ಷಗಟ್ಟಲೆ, ಅದೇ ಊರು, ಅದೇ ಜನ.

ಹೀಗಾಗಿ ಒಂದು ಪಂದ್ಯ ‘ಚೆನ್ನಾಗಿತ್ತಾ’ ಅನ್ನುವುದಕ್ಕಿಂತ ‘ಮುಂದಿನ ಸೋಮವಾರ ಜನರನ್ನು ಮತ್ತೆ ಕರೆಸಿತಾ’ ಅನ್ನುವುದೇ ಆಗ ಮುಖ್ಯ. ಇಬ್ಬರೂ ಹೊಡೆದಾಡಿಕೊಂಡು ಕಣದಿಂದ ಆಚೆ ಹೋಗಿ ತೀರ್ಪಿಲ್ಲದೆ ಮುಗಿದರೆ ಇವತ್ತು ನಮಗೆ ಕಿರಿಕಿರಿ. ಅವತ್ತಿನ ಬುಕರ್‌ಗೆ ಅದು ಮುಂದಿನ ವಾರದ ಟಿಕೆಟ್.

ಒಬ್ಬ ಆಟಗಾರ ಒಂದೇ ಕಡೆ ಜಾಸ್ತಿ ದಿನ ಇದ್ದರೆ ಜನರಿಗೆ ಬೇಸರ. ಅದಕ್ಕೇ ಕೆಲವು ತಿಂಗಳಾದ ಮೇಲೆ ಬೇರೆ ಸೀಮೆಗೆ ಹೋಗುತ್ತಿದ್ದರು. ಹೋಗುವುದನ್ನೂ ಕಥೆ ಮಾಡಿದರು: ‘ಸೋತವನು ಊರು ಬಿಡಬೇಕು’ ಅನ್ನುವ ಪಂದ್ಯ. ಜೆರ್ರಿ ಲಾಲರ್ ಮತ್ತು ಬಿಲ್ ಡಂಡಿ ನಡುವೆ 1980ರ ದಶಕದಲ್ಲಿ ನಡೆದ ಇಂಥ ಪಂದ್ಯಗಳನ್ನು ಇಂದಿಗೂ ಹುಡುಕಿಕೊಂಡು ನೋಡುವವರಿದ್ದಾರೆ. ಪಣ ದೊಡ್ಡದಿದ್ದಾಗ ಒಂದು ಸಾದಾ ಮುಷ್ಟಿ ಏಟಿಗೂ ಎಷ್ಟು ತೂಕ ಬರುತ್ತದೆ ಅಂತ ತಿಳಿಯಲು ಅವನ್ನು ನೋಡಬೇಕು.

ಒಂದೊಂದು ಸೀಮೆಗೆ ಒಂದೊಂದು ತಿಟ್ಟು

ತೆಂಕುತಿಟ್ಟಿನ ಆಟ ನೋಡಿ ‘ಇದರಲ್ಲಿ ಬಡಗಿನ ಹೆಜ್ಜೆ ಇಲ್ಲ’ ಅಂತ ಯಾರೂ ದೂರುವುದಿಲ್ಲ. ಟೆರಿಟರಿಗಳಿಗೂ ಹೀಗೆ ತಮ್ಮದೇ ತಿಟ್ಟುಗಳಿದ್ದವು. ಇದನ್ನು ತಿಳಿಯದೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ.

ಸೇಂಟ್ ಲೂಯಿಸ್‌ನಲ್ಲಿ ಸ್ಯಾಮ್ ಮಚ್ನಿಕ್ ನಡೆಸುತ್ತಿದ್ದ ಕುಸ್ತಿ ಕ್ರೀಡೆಯ ಹಾಗೆ ಗಂಭೀರ. ಟಿವಿ ಕಾರ್ಯಕ್ರಮ 1959ರಲ್ಲಿ ಶುರುವಾದದ್ದು ಚೇಸ್ ಅನ್ನುವ ದೊಡ್ಡ ಹೋಟೆಲಿನ ಹಾಲ್‌ನಲ್ಲಿ. ಸೂಟು ತೊಟ್ಟ ಗಂಡಸರು, ಒಳ್ಳೆಯ ಬಟ್ಟೆ ತೊಟ್ಟ ಹೆಂಗಸರು ಕಣದ ಸುತ್ತ ಕೂರುತ್ತಿದ್ದರು. ಅಲ್ಲಿ ಗೆಲುವು ಅಂದರೆ ಸ್ಪಷ್ಟ ಗೆಲುವು.

ಎಡ್ಡಿ ಗ್ರಹಾಂ ಅವರ ಫ್ಲೋರಿಡಾದಲ್ಲಿ ನೆಲದ ಪಟ್ಟುಗಳಿಗೆ ಬೆಲೆ ಜಾಸ್ತಿ. ಅಲ್ಲಿನ ದೊಡ್ಡ ಹೆಸರು ಜ್ಯಾಕ್ ಬ್ರಿಸ್ಕೊ. 1965ರಲ್ಲಿ ಅವರು ಅಮೆರಿಕದ ಕಾಲೇಜು ಕುಸ್ತಿಯ ರಾಷ್ಟ್ರೀಯ ಚಾಂಪಿಯನ್. ಅದು ನಿಜವಾದ, ಪೈಪೋಟಿಯ ಕುಸ್ತಿ. ಡೋರಿ ಫಂಕ್ ಜೂನಿಯರ್ ಜೊತೆ ಅವರು ಆಡಿದ ಒಂದು ಗಂಟೆಯ ಪಂದ್ಯಗಳನ್ನು ಆ ಕಾಲದ ಜನ ಇಂದಿಗೂ ನೆನೆಯುತ್ತಾರೆ. ಅವನ್ನು ನೋಡಲು ತಾಳ್ಮೆ ಬೇಕು. ಒಂದು ಕೈಪಟ್ಟಿನಿಂದ ಬಿಡಿಸಿಕೊಳ್ಳಲು ಐದು ನಿಮಿಷ ಹೋಗಬಹುದು. ಆದರೆ ಬಿಡಿಸಿಕೊಂಡ ಕ್ಷಣದಲ್ಲಿ ಸಭೆ ಏಳುತ್ತದೆ, ಅದನ್ನು ಗಮನಿಸಿ.

ಮೆಂಫಿಸ್ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಪಟ್ಟು ಕಡಿಮೆ, ಗುದ್ದಾಟ ಜಾಸ್ತಿ, ಕಥೆ ವಿಪರೀತ. 1979ರ ಜೂನ್‌ನಲ್ಲಿ ಮಿಸಿಸಿಪಿಯ ಟುಪೆಲೊ ಊರಿನಲ್ಲಿ ಲಾಲರ್ ಮತ್ತು ಡಂಡಿ ಒಂದು ಕಡೆ, ವೇಯ್ನ್ ಫ್ಯಾರಿಸ್ ಮತ್ತು ಲ್ಯಾರಿ ಲೇಥಮ್ ಇನ್ನೊಂದು ಕಡೆ. ಪಂದ್ಯ ಮುಗಿದ ಮೇಲೂ ಜಗಳ ನಿಲ್ಲಲಿಲ್ಲ. ಹಾಲ್‌ನ ತಿಂಡಿ ಅಂಗಡಿಯೊಳಗೆ ನುಗ್ಗಿ, ಸಾಸಿವೆ ಸಾಸಿನ ಜಾಡಿಗಳಿಂದ ಹಿಡಿದು ಸಿಕ್ಕಿದ್ದರಲ್ಲೆಲ್ಲ ಬಡಿದಾಡಿಕೊಂಡರು. ಕುಸ್ತಿಯ ಪಟ್ಟು ಅದರಲ್ಲಿ ಒಂದೂ ಇಲ್ಲ. ಆದರೆ ಇಷ್ಟು ನಿಜ ಅನ್ನಿಸುವ ಜಗಳ ಕುಸ್ತಿಯಲ್ಲಿ ಅಪರೂಪ ಅನ್ನುವುದು ನನ್ನ ಭಾವನೆ.

ಬಿಲ್ ವಾಟ್ಸ್ ಅವರ ಮಿಡ್‌-ಸೌತ್ ಸೀಮೆ ಲೂಸಿಯಾನಾ, ಮಿಸಿಸಿಪಿ, ಒಕ್ಲಹೋಮ ಕಡೆಯದು. ಅಲ್ಲಿ ಗಟ್ಟಿ ಆಳುಗಳು, ಗಟ್ಟಿ ಏಟುಗಳು. ಅಮೆರಿಕದ ದಕ್ಷಿಣದಲ್ಲಿ ವರ್ಣಭೇದದ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಜಂಕ್‌ಯಾರ್ಡ್ ಡಾಗ್ ಅನ್ನುವ ಕಪ್ಪು ಕುಸ್ತಿಪಟುವನ್ನು ಅಲ್ಲಿ ಎಲ್ಲರಿಗಿಂತ ದೊಡ್ಡ ಹೀರೋ ಮಾಡಿದರು. 1980ರಲ್ಲಿ ಎದುರಾಳಿಗಳು ಅವನ ಕಣ್ಣು ಕುರುಡು ಮಾಡಿದರು ಅಂತ ಕಥೆ ಕಟ್ಟಿದರು. ಆಗ ತಾನೇ ಹುಟ್ಟಿದ ಮಗಳನ್ನು ನೋಡಲೂ ಅವನಿಗೆ ಆಗಲಿಲ್ಲ ಅಂದರು. ಕಣ್ಣು ಕಾಣದೆಯೇ ಸೇಡು ತೀರಿಸಿಕೊಳ್ಳಲು ಅವನು ಕಣಕ್ಕೆ ಇಳಿದಾಗ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ಗೆ ಸಾವಿರಾರು ಜನ ಬಂದರು. ಆ ಪಂದ್ಯವನ್ನು ಪಟ್ಟುಗಳ ಲೆಕ್ಕದಲ್ಲಿ ಅಳೆದರೆ ಏನೂ ಸಿಗುವುದಿಲ್ಲ.

ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಡಾನ್ ಓವೆನ್ ಹಳೆಯ ಬೌಲಿಂಗ್ ಹಾಲ್ ಒಂದನ್ನು ಕುಸ್ತಿಯ ಜಾಗವಾಗಿ ಮಾಡಿಕೊಂಡಿದ್ದರು. ಅಲ್ಲಿ ಟಿವಿಯಲ್ಲೂ ಮೂರರಲ್ಲಿ ಎರಡು ಸಲ ಗೆಲ್ಲಬೇಕಾದ ಉದ್ದ ಪಂದ್ಯಗಳು ನಡೆಯುತ್ತಿದ್ದವು. ಕೆನಡಾದ ಕ್ಯಾಲ್ಗರಿಯಲ್ಲಿ ಸ್ಟು ಹಾರ್ಟ್ ಅವರ ಸೀಮೆ. ಬ್ರೆಟ್ ಹಾರ್ಟ್ ಗೊತ್ತಲ್ಲ, ಅವರ ಅಪ್ಪ.

ತಿರುಗಾಡುವ ಚಾಂಪಿಯನ್

ಎನ್‌ಡಬ್ಲ್ಯೂಎ ವಿಶ್ವ ಚಾಂಪಿಯನ್‌ಗೆ ಸ್ವಂತ ಸೀಮೆ ಇರಲಿಲ್ಲ. ಅವನು ವರ್ಷವಿಡೀ ಊರೂರು ಸುತ್ತಬೇಕು. ಪ್ರತಿ ಸೀಮೆಯಲ್ಲೂ ಅಲ್ಲಿನ ಹೀರೋ ಜೊತೆ ಆಡಬೇಕು. ಅವನ ಕೆಲಸ ಸುಮ್ನೆ ಗೆಲ್ಲುವುದಲ್ಲ. ‘ನಮ್ಮ ಹುಡುಗ ಇನ್ನೇನು ಗೆದ್ದೇಬಿಟ್ಟಿದ್ದ’ ಅಂತ ಊರಿನವರಿಗೆ ಅನ್ನಿಸಬೇಕು. ಆದರೆ ಪಟ್ಟಿ, ಅಂದರೆ ಚಾಂಪಿಯನ್ ಬೆಲ್ಟ್, ಮಾತ್ರ ಅವನ ಸೊಂಟದಲ್ಲೇ ಉಳಿಯಬೇಕು. ಇದಕ್ಕೆ ಎರಡು ಹಾದಿ. ಒಂದು, 60 ನಿಮಿಷ ಆಡಿ ಸಮ ಮಾಡಿಕೊಳ್ಳುವುದು. ಇನ್ನೊಂದು, ಮೋಸದಿಂದಲೋ ಅನರ್ಹಗೊಂಡೋ ತಪ್ಪಿಸಿಕೊಳ್ಳುವುದು. ಅನರ್ಹತೆಯಿಂದ ಸೋತರೆ ಪಟ್ಟ ಕೈಬದಲಾಗುವುದಿಲ್ಲ.

1981ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಈ ಪಟ್ಟ ಪಡೆದ ರಿಕ್ ಫ್ಲೇರ್ ಈ ಕೆಲಸದಲ್ಲಿ ನಿಸ್ಸೀಮರು. ಎದುರಾಳಿ ಎತ್ತಿ ಬಿಸಾಡಿದರೆ ಬೀಳುತ್ತಾರೆ, ಕೈಮುಗಿದು ಬೇಡುತ್ತಾರೆ, ಅವನು ಕರಗಿದ ಕೂಡಲೇ ಕಣ್ಣಿಗೆ ಬೆರಳು ಹಾಕುತ್ತಾರೆ. ಫ್ಲೇರ್ ಎಲ್ಲ ಕಡೆ ಒಂದೇ ಪಂದ್ಯ ಆಡುತ್ತಾರೆ ಅನ್ನುವ ದೂರು ಹಳೆಯದು. ಹತ್ತು ಊರಿನ ಟೇಪು ಒಟ್ಟಿಗೆ ನೋಡುವ ನಮಗೆ ಹಾಗೆ ಕಾಣುತ್ತದೆ. ಒಂದು ಊರಿನವರು ಅದನ್ನು ವರ್ಷಕ್ಕೆ ಕೆಲವೇ ಸಲ ನೋಡುತ್ತಿದ್ದರು ಅನ್ನುವುದು ನೆನಪಿದ್ದರೆ ದೂರು ಅರ್ಧ ಕರಗುತ್ತದೆ.

ಪಟ್ಟಿಯೊಡನೆ ಓಡಿಹೋಗದಿರಲಿ ಅಂತ ಚಾಂಪಿಯನ್‌ನಿಂದ ಠೇವಣಿ ಇಡಿಸಿಕೊಳ್ಳುತ್ತಿದ್ದರು. ಫ್ಲೇರ್ ಇಟ್ಟದ್ದು 25,000 ಡಾಲರ್. ಇನ್ನೊಂದು ಭಯವೂ ಇತ್ತು. ಎದುರಾಳಿ ಒಪ್ಪಂದ ಮುರಿದು ನಿಜವಾಗಿಯೇ ಗೆಲ್ಲಲು ನೋಡಿದರೆ? ಅದಕ್ಕೇ 1949ರಿಂದ 1956ರವರೆಗೆ ಲೂ ಥೆಸ್ ಅವರಂಥ, ನಿಜವಾದ ಪಟ್ಟುಗಳಲ್ಲಿ ಯಾರೂ ಮುಟ್ಟಲಾಗದವರಿಗೆ ಪಟ್ಟ ಕೊಟ್ಟರು. ಥೆಸ್ ನಮ್ಮ ದೇಶಕ್ಕೂ ಬಂದಿದ್ದರು. 1968ರ ಮೇ 29ರಂದು ಬೊಂಬಾಯಿಯಲ್ಲಿ ದಾರಾ ಸಿಂಗ್ ಸೋಲಿಸಿದ್ದು ಇವರನ್ನೇ.

ಡಲ್ಲಾಸ್, 1982ರ ಕ್ರಿಸ್‌ಮಸ್ ರಾತ್ರಿ

ಇಷ್ಟು ಗೊತ್ತಾದ ಮೇಲೆ ಒಂದು ಪಂದ್ಯವನ್ನು ಬಿಡಿಸಿ ನೋಡೋಣ.

ಟೆಕ್ಸಾಸ್‌ನ ಡಲ್ಲಾಸ್ ಸೀಮೆ ಫ್ರಿಟ್ಜ್ ವಾನ್ ಎರಿಕ್ ಅವರದು. ಹೀರೋಗಳು ಅವರ ಮಕ್ಕಳೇ: ಕೆವಿನ್, ಡೇವಿಡ್, ಕೆರ್ರಿ. ಟೆಕ್ಸಾಸ್ ಜನರಿಗೆ ಇವರು ಮನೆ ಮಕ್ಕಳ ಹಾಗೆ. ಅಲ್ಲಿಗೆ ಫ್ರೀಬರ್ಡ್ಸ್ ಅನ್ನುವ ತಂಡ ಬಂದಿತ್ತು. ಮೈಕಲ್ ಹೇಯ್ಸ್, ಟೆರ್ರಿ ಗಾರ್ಡಿ, ಬಡ್ಡಿ ರಾಬರ್ಟ್ಸ್. ವಾನ್ ಎರಿಕ್ ಹುಡುಗರ ಗೆಳೆಯರಾಗಿಯೇ ಬಂದಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ.

ಡಿಸೆಂಬರ್ 25ರ ರಾತ್ರಿ ರೀಯೂನಿಯನ್ ಅರೀನಾದಲ್ಲಿ ಕೆರ್ರಿ ಮತ್ತು ಚಾಂಪಿಯನ್ ರಿಕ್ ಫ್ಲೇರ್. ಫ್ಲೇರ್ ತಪ್ಪಿಸಿಕೊಳ್ಳದಿರಲಿ ಅಂತ ಕಣದ ಸುತ್ತ ಕಬ್ಬಿಣದ ಪಂಜರ. ಮೋಸ ಆಗದಿರಲಿ ಅಂತ ಜನರೇ ಆರಿಸಿದ ವಿಶೇಷ ರೆಫರಿ, ಮೈಕಲ್ ಹೇಯ್ಸ್. ಪಂಜರದ ಬಾಗಿಲು ಕಾಯಲು ಟೆರ್ರಿ ಗಾರ್ಡಿ. ಅಂದರೆ ಫ್ಲೇರ್‌ಗೆ ತಪ್ಪಿಸಿಕೊಳ್ಳಲು ಇರುವ ಪ್ರತಿಯೊಂದು ದಾರಿಯನ್ನೂ ಬುಕರ್ ಮುಚ್ಚಿದ್ದಾನೆ. ಇವತ್ತು ನಮ್ಮ ಹುಡುಗ ಗೆಲ್ಲಲೇಬೇಕು ಅಂತ ಜನ ಬಂದಿದ್ದಾರೆ.

ಫ್ಲೇರ್ ರೆಫರಿಯನ್ನೇ ಕೆಣಕುತ್ತಾರೆ. ಸಿಟ್ಟಿಗೆದ್ದ ಹೇಯ್ಸ್ ಫ್ಲೇರ್‌ಗೆ ಬಾರಿಸಿ ಕೆಡವುತ್ತಾನೆ. ಕೆರ್ರಿಗೆ ‘ತಗೋ, ಅದುಮಿ ಹಿಡಿ, ಗೆಲ್ಲು’ ಅನ್ನುತ್ತಾನೆ. ಕೆರ್ರಿ ಒಪ್ಪುವುದಿಲ್ಲ. ಹಾಗೆ ಗೆದ್ದರೆ ಅದು ಗೆಲುವಲ್ಲ ಅನ್ನುವುದು ಅವನ ನಿಲುವು. ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಹೇಯ್ಸ್ ಹೊರಟುಬಿಡುತ್ತಾನೆ. ಆ ಹೊತ್ತಿಗೆ ಫ್ಲೇರ್ ಹಿಂದಿನಿಂದ ಕೆರ್ರಿಗೆ ಮೊಣಕಾಲಿನಿಂದ ಗುದ್ದುತ್ತಾರೆ. ಕೆರ್ರಿ ಮುಗ್ಗರಿಸಿ ಹೇಯ್ಸ್ ಮೇಲೆ ಬೀಳುತ್ತಾನೆ. ಬೇಕೆಂದೇ ನೂಕಿದ ಅಂತ ಹೇಯ್ಸ್ ಮತ್ತು ಗಾರ್ಡಿ ತಿಳಿಯುತ್ತಾರೆ. ಬಾಗಿಲಲ್ಲಿದ್ದ ಗಾರ್ಡಿ ಕಬ್ಬಿಣದ ಬಾಗಿಲನ್ನು ಕೆರ್ರಿಯ ತಲೆಗೆ ಧಡಾರನೆ ಬಡಿಯುತ್ತಾನೆ.

ಆಮೇಲೆಯೂ ಕೆರ್ರಿ ಎದ್ದು ಆಡುತ್ತಾನೆ. ಕೊನೆಗೆ ಮುಂದುವರಿಯುವ ಸ್ಥಿತಿಯಲ್ಲಿಲ್ಲ ಅಂತ ಪಂದ್ಯ ನಿಲ್ಲಿಸುತ್ತಾರೆ. ಪಟ್ಟ ಫ್ಲೇರ್ ಬಳಿಯೇ ಉಳಿಯುತ್ತದೆ.

ಒಂಟಿಯಾಗಿ ನೋಡಿದರೆ ಇದು ಬೇಸರ ತರಿಸುವ ಕೊನೆ. ಅಷ್ಟು ದೊಡ್ಡ ಪಂದ್ಯದಲ್ಲಿ ಯಾರೂ ಯಾರನ್ನೂ ಚಿತ್ ಮಾಡಲೇ ಇಲ್ಲ. ಆದರೆ ಆ ಒಂದು ಬಾಗಿಲಿನ ಏಟು ಏನೇನು ಮಾಡಿತು ನೋಡಿ. ಚಾಂಪಿಯನ್‌ನ ಮಾನ ಹೋಗಲಿಲ್ಲ, ಅವನು ಮುಂದಿನ ಊರಿಗೆ ಪಟ್ಟಿ ಹೊತ್ತು ಹೋಗಬಹುದು. ಊರಿನ ಹೀರೋ ಚಿತ್ ಆಗಿ ಸೋಲಲಿಲ್ಲ, ಅವನ ನೇರ ನಡತೆಯೇ ಅವನಿಗೆ ಮುಳುವಾಯಿತು. ಗೆಳೆಯರು ಒಂದೇ ಕ್ಷಣದಲ್ಲಿ ಶತ್ರುಗಳಾದರು. ಇಬ್ಬರ ಸಿಟ್ಟಿಗೂ ಕಾರಣ ಇತ್ತು ಅನ್ನುವುದು ಇದರ ಹೆಚ್ಚುಗಾರಿಕೆ. ಫ್ರೀಬರ್ಡ್ಸ್ ಮತ್ತು ವಾನ್ ಎರಿಕ್‌ಗಳ ಜಗಳ ಆಮೇಲೆ ವರ್ಷಗಟ್ಟಲೆ ಹಾಲ್‌ಗಳನ್ನು ತುಂಬಿಸಿತು.

ಮುಂದಿನದು ಕಥೆಯಲ್ಲ, ಬದುಕು. 1984ರ ಫೆಬ್ರವರಿ 10ರಂದು ಡೇವಿಡ್ ವಾನ್ ಎರಿಕ್ ಜಪಾನ್ ಪ್ರವಾಸದಲ್ಲಿದ್ದಾಗ ತೀರಿಕೊಂಡ. ವಯಸ್ಸು 25. ಮೇ 6ರಂದು ಅವನ ನೆನಪಿಗೆ ಟೆಕ್ಸಾಸ್ ಸ್ಟೇಡಿಯಂನಲ್ಲಿ ಕುಸ್ತಿ ಇಟ್ಟರು. 30 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಅಲ್ಲಿ ಕೆರ್ರಿ ಬೆನ್ನಿಗೆ ಬೆನ್ನು ಕೊಟ್ಟು ಕೆಡವುವ ‘ಬ್ಯಾಕ್‌ಸ್ಲೈಡ್’ ಅನ್ನುವ ಸಾದಾ ಪಟ್ಟಿನಿಂದ ಫ್ಲೇರ್ ಅವರನ್ನು ಚಿತ್ ಮಾಡಿ ವಿಶ್ವ ಚಾಂಪಿಯನ್ ಆದ. ಪಟ್ಟುಗಳ ಲೆಕ್ಕದಲ್ಲಿ ಅದು ಫ್ಲೇರ್ ಅವರ ದೊಡ್ಡ ಪಂದ್ಯವೇನಲ್ಲ. ಆದರೆ ಮೂರು ಎಣಿಸಿ ಗೆಲುವು ಸಾರುವ ರೆಫರಿಯ ಕೈ ಮೂರನೇ ಸಲ ನೆಲಕ್ಕೆ ಬಡಿದಾಗ ಸಭೆಯಿಂದ ಏಳುವ ಆ ಸದ್ದನ್ನು ಕೇಳಿ. ಪಟ್ಟ ಉಳಿದದ್ದು 18 ದಿನ ಮಾತ್ರ. ಮೇ 24ರಂದು ಜಪಾನ್‌ನ ಯೊಕೊಸುಕಾದಲ್ಲಿ ಫ್ಲೇರ್ ಅದನ್ನು ವಾಪಸ್ ಪಡೆದರು.

ಹೇಗೆ ಮುಗಿಯಿತು?

ಕೇಬಲ್ ಟಿವಿ ಬಂತು. ಒಂದು ಊರಿನ ಕಾರ್ಯಕ್ರಮ ಇಡೀ ದೇಶಕ್ಕೆ ಕಾಣತೊಡಗಿತು. ಗಡಿಗಳಿಗೆ ಅರ್ಥ ಉಳಿಯಲಿಲ್ಲ. 1982ರಲ್ಲಿ ವಿನ್ಸ್ ಮೆಕ್‌ಮಹೊನ್ ತಮ್ಮ ತಂದೆಯಿಂದ ನ್ಯೂಯಾರ್ಕ್ ಕಡೆಯ ಸೀಮೆಯನ್ನು, ಇಂದಿನ ಡಬ್ಲ್ಯೂಡಬ್ಲ್ಯೂಇಯನ್ನು, ಕೊಂಡರು. ಹಳೆಯ ಒಪ್ಪಂದ ಅವರು ಒಪ್ಪಲಿಲ್ಲ. ಬೇರೆ ಸೀಮೆಗಳ ಹೆಸರಾಂತರನ್ನು ಸೆಳೆದರು. ಮಿನಿಯಾಪೊಲಿಸ್ ಸೀಮೆಯಲ್ಲಿ ಮಿಂಚುತ್ತಿದ್ದ ಹೋಗನ್ ಅವರಲ್ಲೊಬ್ಬರು. 1984ರ ಜನವರಿ 23ರಂದು ಹೋಗನ್ ಐರನ್ ಶೇಕ್ ಅವರನ್ನು ಸೋಲಿಸಿ ಚಾಂಪಿಯನ್ ಆದರು. 1985ರ ಮಾರ್ಚ್ 31ರಂದು ಆ ಕಂಪನಿಯ ದೊಡ್ಡ ವಾರ್ಷಿಕ ಕಾರ್ಯಕ್ರಮವಾದ ರೆಸಲ್‌ಮೇನಿಯಾ ಮೊದಲ ಸಲ ನಡೆಯಿತು.

1984ರ ಜುಲೈ 14ರ ಶನಿವಾರ ಜಾರ್ಜಿಯಾ ಸೀಮೆಯ ಅಭಿಮಾನಿಗಳು ಎಂದಿನಂತೆ ಟಿವಿ ಹಚ್ಚಿದರು. ತಮ್ಮವರ ಜಾಗದಲ್ಲಿ ಮೆಕ್‌ಮಹೊನ್ ನಿಂತಿದ್ದರು. ಆ ದಿನಕ್ಕೆ ‘ಕಪ್ಪು ಶನಿವಾರ’ ಅಂತಲೇ ಹೆಸರಾಯಿತು. ಒಂದೊಂದಾಗಿ ಸೀಮೆಗಳು ಮುಚ್ಚಿದವು, ಮಾರಾಟವಾದವು. 1989ರಲ್ಲಿ ಮೆಕ್‌ಮಹೊನ್ ಅವರ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಮುಂದೆ ‘ಇದು ಮನರಂಜನೆ’ ಅಂತ ಒಪ್ಪಿಕೊಂಡಿತು. ಅಷ್ಟು ವರ್ಷ ಕಾಪಾಡಿದ ಕೇಫೇಬ್ ಅಲ್ಲಿಗೆ ಅಧಿಕೃತವಾಗಿ ಹೋಯಿತು.

ಉಳಿದ ಟೇಪು, ಅಳಿದ ಟೇಪು

ಆಗ ವಿಡಿಯೋ ಟೇಪು ದುಬಾರಿ. ಒಂದು ವಾರದ ಕಾರ್ಯಕ್ರಮದ ಮೇಲೆ ಇನ್ನೊಂದು ವಾರದ್ದನ್ನು ರೆಕಾರ್ಡ್ ಮಾಡುತ್ತಿದ್ದರು. ಹಾಲ್‌ನಲ್ಲಿ ನಡೆದ ದೊಡ್ಡ ಪಂದ್ಯಗಳ ಮುಂದೆ ಎಷ್ಟೋ ಸಲ ಕ್ಯಾಮೆರಾವೇ ಇರಲಿಲ್ಲ. ಹೀಗಾಗಿ ಇವತ್ತು ನಮಗೆ ಸಿಗುವುದು ನಡೆದದ್ದರ ಒಂದು ಚೂರು. 1980ರ ದಶಕದ್ದು ಜಾಸ್ತಿ, ಅದಕ್ಕೂ ಹಿಂದಿನದು ಕಡಿಮೆ. ಕೆಲವು ಪಂದ್ಯಗಳು ನಡುವಿನಿಂದ ಶುರುವಾಗುತ್ತವೆ, ಕೆಲವು ತುಂಡು ತುಂಡಾಗಿವೆ. ‘ಈ ಸೀಮೆಯಲ್ಲಿ ಒಳ್ಳೆಯ ಪಂದ್ಯವೇ ಇರಲಿಲ್ಲ’ ಅಂತ ಹೇಳುವ ಮೊದಲು ಅಲ್ಲಿನ ಟೇಪು ಎಷ್ಟು ಉಳಿದಿದೆ ಅಂತ ಕೇಳಿಕೊಳ್ಳಬೇಕು.

ಕೆಲವು ಸಲ ಕಳೆದದ್ದು ಸಿಗುವುದೂ ಉಂಟು. 1983ರ ಅಕ್ಟೋಬರ್ 23ರಂದು ಅಟ್ಲಾಂಟಾದ ಓಮ್ನಿ ಅನ್ನುವ ಹಾಲ್‌ನಲ್ಲಿ ಟಾಮಿ ರಿಚ್ ಮತ್ತು ಬಜ್ ಸಾಯರ್ ತಮ್ಮ ಬಹುಕಾಲದ ಹಗೆಯನ್ನು ಮುಗಿಸಿದರು. ‘ಅಟ್ಲಾಂಟಾದ ಕೊನೆಯ ಕಾಳಗ’ ಅಂತ ಅದರ ಹೆಸರು. ಪಂಜರಕ್ಕೆ ಮೇಲೂ ಮುಚ್ಚಳವಿತ್ತು. ನಾವು 90ರ ದಶಕದಲ್ಲಿ ‘ಹೆಲ್ ಇನ್ ಎ ಸೆಲ್’ ಅಂತ ಬೆರಗಾಗಿ ನೋಡಿದೆವಲ್ಲ, ಅದಕ್ಕಿಂತ 14 ವರ್ಷ ಮೊದಲು. ಈ ಪಂದ್ಯದ ದೃಶ್ಯ ಇಲ್ಲವೇ ಇಲ್ಲ ಅಂತ ಅಭಿಮಾನಿಗಳು ನಂಬಿದ್ದರು. 2016ರಲ್ಲಿ ಅದು ಹೊರಬಂತು.

ನೋಡಲು ಕೂತಾಗ

ಪಂದ್ಯಗಳಿಗೆ ನಕ್ಷತ್ರ ಕೊಡುವ ಪದ್ಧತಿ ಇದೆ. ಅಮೆರಿಕದ ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ತಮ್ಮ ಪತ್ರಿಕೆಯ ಮೂಲಕ ಅದನ್ನು ಎಲ್ಲೆಡೆ ಹರಡಿದರು. ಹೊಸಬರಿಗೆ ಯಾವುದನ್ನು ಮೊದಲು ನೋಡಬೇಕು ಅಂತ ತಿಳಿಯಲು ಅದು ನೆರವಾಗುತ್ತದೆ. ಆದರೆ ನಕ್ಷತ್ರ ಒಂದು ಪಂದ್ಯವನ್ನು ಬಿಡಿಯಾಗಿ ಅಳೆಯುತ್ತದೆ. ಟೆರಿಟರಿ ಪಂದ್ಯ ಬಿಡಿಯಾಗಿ ಹುಟ್ಟಿದ್ದಲ್ಲ.

ನಾನು ಮಾಡುವುದು ಇಷ್ಟು. ಮೊದಲು ಊರು ಯಾವುದು, ಇಸವಿ ಯಾವುದು ಅಂತ ನೋಡುತ್ತೇನೆ. ಇವರಿಬ್ಬರಿಗೆ ಯಾಕೆ ಜಗಳ ಅಂತ ಹುಡುಕುತ್ತೇನೆ. ಸಿಕ್ಕರೆ ಅದಕ್ಕೆ ಮುಂಚಿನ ಶನಿವಾರದ ಟಿವಿ ಸಂದರ್ಶನವನ್ನೂ ನೋಡುತ್ತೇನೆ, ಅರ್ಧ ಪಂದ್ಯ ಅಲ್ಲೇ ಇರುತ್ತದೆ. ಪಂದ್ಯ ಶುರುವಾದ ಮೇಲೆ ಫೋನನ್ನು ದೂರ ಇಟ್ಟು, ಕಣದಷ್ಟೇ ಸಭೆಯನ್ನೂ ನೋಡುತ್ತೇನೆ. ಮುಂದಿನ ಸಾಲಿನ ಅಜ್ಜಿ ಎದ್ದು ನಿಂತು ಕೈ ಬೀಸಿ ಬೈಯುತ್ತಿದ್ದಾಳೆ ಅಂದರೆ ಹೀಲ್ ತನ್ನ ಕೆಲಸ ಮಾಡಿದ್ದಾನೆ. ಏಟು ತಿಂದ ಕಾಲು ಕೊನೆಯವರೆಗೂ ಕುಂಟುತ್ತದೆಯೇ ಅಂತ ಕಣ್ಣಿಡುತ್ತೇನೆ. ಮುಗಿದ ಮೇಲೆ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಆ ಊರಿನವನಾಗಿದ್ದರೆ ಮುಂದಿನ ವಾರ ನಾನು ಟಿಕೆಟ್ ತೆಗೆಯುತ್ತಿದ್ದೆನೇ?

ಹೊಸದಾಗಿ ಶುರು ಮಾಡುವವರಿಗೆ ಡಲ್ಲಾಸಿನ ಎರಡು ಪಂದ್ಯ ಸಾಕು. 1982ರ ಕ್ರಿಸ್‌ಮಸ್ ರಾತ್ರಿಯದು, ಆಮೇಲೆ 1984ರ ಮೇ 6ರದು. ಎರಡನ್ನೂ ಒಂದೇ ಸಂಜೆ ನೋಡಬೇಡಿ. ನಡುವೆ ಒಂದು ವಾರವಾದರೂ ಬಿಡಿ. ಡಲ್ಲಾಸಿನವರು 16 ತಿಂಗಳು ಕಾದಿದ್ದರು.